ಹಂಗಿಲ್ಲದ ನೀರು

ಕಳೆದ ಬೇಸಿಗೆಯಲ್ಲಿ ಒಂದು ದಿನ ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೆ. ಕಾಲೇಜು ಹುಡುಗನೊಬ್ಬ ತಟ್ಟನೆ ಎದ್ದು ‘ಕೂತ್ಕೊಳ್ಳಿ ತಾತ’ ಎಂದ. ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ‘ಬೇಡಪ್ಪ, ಮುಂದಿನ ಸ್ಟಾಪಿನಲ್ಲಿ ಇಳೀತೀನಿ’ ಎಂದುಬಿಟ್ಟೆ. ಅದು ಸುಳ್ಳು. ಹೇಳಿದ ಮಾತಿಗೆ ಕಟ್ಟುಬಿದ್ದು ಮುಂದಿನ ಸ್ಟಾಪಿನಲ್ಲಿ ಇಳಿದು, ಬಿಸಿಲಿನಲ್ಲಿ ಅರ್ಧ ಗಂಟೆ ನಿಂತು ಇನ್ನೊಂದು ಬಸ್ಸು ಹಿಡಿಯಬೇಕಾಯಿತು. ಹುಡುಗನ ತಪ್ಪೇನೂ ಇರಲಿಲ್ಲ. ಅವನನ್ನು ಹೆತ್ತವರು ಒಳ್ಳೆಯ ಬುದ್ಧಿ ಕಲಿಸಿದ್ದರು. ಆದರೂ ಅವನ ದಯೆ ನನಗೆ ಬೇಡವಾಗಿತ್ತು. ಅಪರಿಚಿತರಿಗೆ ತೋರುವ ಸಣ್ಣಪುಟ್ಟ ಕರುಣೆ ಪಡೆಯುವವನಿಗೆ ಯಾವಾಗಲೂ ಹಿತವೇ? ಬಿಸಿಲಿನಲ್ಲಿ ನಿಂತವನಿಗೆ ಇದನ್ನು ಯೋಚಿಸಲು ಬೇಕಾದಷ್ಟು ಬಿಡುವಿತ್ತು.

ಈ ವಿಷಯದಲ್ಲಿ ನಮ್ಮ ಭಾಷೆ ಬಹಳ ಸೂಕ್ಷ್ಮವಾಗಿದೆ. ‘ಉಪಕಾರ’ ಎನ್ನುವುದು ಮಾಡುವವನ ಕಡೆಯ ಮಾತು. ‘ಋಣ’ ಲೆಕ್ಕದ ಮಾತು. ಇಂದಲ್ಲ ನಾಳೆ ತೀರಿಸಬಹುದು. ಇವೆರಡೂ ಅಲ್ಲದ ಇನ್ನೊಂದು ಮಾತು ‘ಹಂಗು’. ಪಡೆದವನ ಎದೆಯಲ್ಲಿ ಉಳಿದುಬಿಡುವ ಮುಳ್ಳು ಅದು. ಯಾರ ಹಂಗೂ ಇಲ್ಲದೆ ಬಾಳುವುದನ್ನು ಕನ್ನಡಿಗರು ದೊಡ್ಡ ಸುಖವೆಂದು ಎಣಿಸಿದ್ದಾರೆ. ನೆಂಟರು, ನೆರೆಯವರು ಮಾಡಿದ ಉಪಕಾರವನ್ನಾದರೆ ಮದುವೆಗೋ ಮುಂಜಿಗೋ ಹೋಗಿ ದುಡಿದು ಸಲ್ಲಿಸಬಹುದು. ದಾರಿಹೋಕ ಮಾಡಿದ ಉಪಕಾರವನ್ನು ಎಲ್ಲಿ ಸಲ್ಲಿಸುವುದು? ಅವನು ತನ್ನ ಪಾಡಿಗೆ ಹೊರಟುಹೋಗುತ್ತಾನೆ. ಹಂಗು ಒಂದೋ ಅಲ್ಲೇ ಕರಗಬೇಕು, ಇಲ್ಲವೇ ಕೊನೆಯವರೆಗೂ ಉಳಿಯಬೇಕು.

ದಾನ ಕೊಡುವುದು ಪುಣ್ಯ ಎಂದು ಸಾರಿದ ಶಾಸ್ತ್ರಗಳೇ ದಾನ ತೆಗೆದುಕೊಳ್ಳುವುದರ ಬಗ್ಗೆ, ಅಂದರೆ ‘ಪ್ರತಿಗ್ರಹ’ದ ಬಗ್ಗೆ, ಎಚ್ಚರಿಕೆ ಹೇಳಿವೆ. ಪ್ರತಿಗ್ರಹಕ್ಕೆ ಅರ್ಹನಾದ ಬ್ರಾಹ್ಮಣನೂ ಅದಕ್ಕೆ ಅಂಟಿಕೊಳ್ಳಬಾರದು, ಅದರಿಂದ ಅವನ ತೇಜಸ್ಸು ಆರಿಹೋಗುತ್ತದೆ ಎನ್ನುತ್ತದೆ ಮನುಸ್ಮೃತಿಯ ನಾಲ್ಕನೆಯ ಅಧ್ಯಾಯ. ಇದಕ್ಕೆ ಗ್ರಂಥ ತೆರೆಯಬೇಕಾಗಿಯೂ ಇಲ್ಲ. ಶನಿಯ ಕಾಟಕ್ಕೆಂದು ಎಳ್ಳು, ಎಣ್ಣೆ ದಾನ ಮಾಡಲು ಹೊರಟವರನ್ನು ಕೇಳಿ ನೋಡಿ, ತೆಗೆದುಕೊಳ್ಳುವವರು ಸುಲಭವಾಗಿ ಸಿಕ್ಕುವುದಿಲ್ಲ. ಕೊಡುವವನು ಕಳಚಿಕೊಂಡದ್ದು ಪಡೆಯುವವನ ತಲೆಗೇರುತ್ತದೆ ಎಂಬ ಭಯ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ಹಿಂದಿರುಗಿಸಲಾಗದ ಕೊಡುಗೆ ಪಡೆದವನನ್ನು ಕೆಳಗಿಳಿಸುತ್ತದೆ. ಇಂಗ್ಲಿಷಿನಲ್ಲಿ ಕೊಡುಗೆ ಎಂಬ ಅರ್ಥವಿರುವ ‘ಗಿಫ್ಟ್’ ಶಬ್ದಕ್ಕೆ ಜರ್ಮನ್ ಭಾಷೆಯಲ್ಲಿ ವಿಷ ಎಂಬ ಅರ್ಥ ಬಂದದ್ದು ಹೇಗೆಂದು ಆತ ಬೇರೊಂದು ಲೇಖನವನ್ನೇ ಬರೆದ.

ಹಂಗಿನ ಸೂಕ್ಷ್ಮವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು 12ನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ. ಅವಳ ಗಂಡ ಮಾರಯ್ಯನದು ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸಲಿಲ್ಲ. ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಈ ಕಥೆಯನ್ನು ನಾವು ಸಾಮಾನ್ಯವಾಗಿ ‘ಆಸೆ ಕೂಡದು’ ಎಂಬ ನೀತಿಗೆ ಬಳಸುತ್ತೇವೆ. ನನಗೆ ಕಾಣುವುದು ಬೇರೆ. ನೆಲದ ಮೇಲೆ ಚೆಲ್ಲಿದ್ದನ್ನು ಬಗ್ಗಿ ಆರಿಸುವುದರಲ್ಲಿ ಅವಳಿಗೆ ಅವಮಾನವಿರಲಿಲ್ಲ, ಏಕೆಂದರೆ ಅದು ದುಡಿಮೆ. ಬೇಕಾದದ್ದಕ್ಕಿಂತ ಒಂದು ಹಿಡಿ ಹೆಚ್ಚು ಬಂದರೂ ಅದು ಯಾರದೋ ಕೃಪೆಯಾಗಿಬಿಡುತ್ತಿತ್ತು.

ವಿಚಿತ್ರವೆಂದರೆ ಅದೇ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ಯೆಹೂದಿ ಪಂಡಿತ ಮೈಮೊನಿಡೀಸ್ ದಾನವನ್ನು ಎಂಟು ಮೆಟ್ಟಿಲುಗಳಾಗಿ ವಿಂಗಡಿಸಿ, ಪಡೆಯುವವನ ಮಾನ ಎಷ್ಟು ಉಳಿಯುತ್ತದೆ ಎಂಬುದನ್ನೇ ಅಳತೆಗೋಲು ಮಾಡಿಕೊಂಡಿದ್ದ. ಹಿಂದಿನ ಕೆಲವು ಜ್ಞಾನಿಗಳು ನಾಣ್ಯಗಳನ್ನು ಬಟ್ಟೆಯಲ್ಲಿ ಕಟ್ಟಿ ಬೆನ್ನ ಹಿಂದೆ ಇಳಿಬಿಟ್ಟು ನಡೆಯುತ್ತಿದ್ದರಂತೆ. ಬಡವರು ಹಿಂದಿನಿಂದ ಬಂದು ತೆಗೆದುಕೊಳ್ಳಬಹುದು, ಮುಖ ತೋರಿಸಬೇಕಾಗಿಲ್ಲ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಯಾವುದೆಂದರೆ, ಮನುಷ್ಯ ಮತ್ತೆ ಯಾರನ್ನೂ ಕೇಳದಂತೆ ಅವನಿಗೆ ಕೆಲಸವನ್ನೋ ಸಾಲವನ್ನೋ ಒದಗಿಸುವುದು.

ನಮ್ಮ ಹಿರಿಯರು ದಾರಿಹೋಕರಿಗೆ ಮಾಡಿದ ಏರ್ಪಾಡುಗಳಲ್ಲೂ ಈ ಮುಖ ತಪ್ಪಿಸುವ ಜಾಣತನ ಇತ್ತು. ಹೊರೆ ಇಳಿಸುವ ಕಲ್ಲನ್ನೇ ನೋಡಿ. ನಿಲ್ಲಿಸಿದ ಎರಡು ಕಲ್ಲುಗಳು, ಮೇಲೊಂದು ಅಡ್ಡ ಹಾಸುಗಲ್ಲು, ಅಷ್ಟೆ. ತಲೆಹೊರೆ ಹೊತ್ತವನು ಇನ್ನೊಬ್ಬರನ್ನು ‘ಸ್ವಲ್ಪ ಕೈ ಕೊಡಪ್ಪ’ ಎಂದು ಕೇಳದೆ ಇಳಿಸಿ, ಸುಧಾರಿಸಿಕೊಂಡು, ಮತ್ತೆ ತಾನೇ ಹೊತ್ತು ಹೋಗಬಹುದು. ದಕ್ಷಿಣ ಭಾರತದ ಕೆಲವೆಡೆ, ಬಸುರಿಯಾಗಿ ತೀರಿಕೊಂಡ ಹೆಂಗಸಿನ ನೆನಪಿಗೆ ಇವನ್ನು ನೆಡಿಸುತ್ತಿದ್ದರು. ಇಳಿಸಲಾಗದೆ ಹೋದ ಒಂದು ಭಾರಕ್ಕಾಗಿ, ಊರಿನ ಎಲ್ಲ ಭಾರಗಳನ್ನೂ ಇಳಿಸಿಕೊಳ್ಳುವ ಕಲ್ಲು.

ಇನ್ನು ಅರವಟ್ಟಿಗೆ. ದಾರಿಯ ಬದಿಯಲ್ಲಿ ಒಂದು ಚಪ್ಪರ, ನೀರು ತುಂಬಿದ ಗುಡಾಣ ಅಥವಾ ಹರವಿ, ಕೆಲವೆಡೆ ಮಜ್ಜಿಗೆ. ಹಳೆಯ ಶಾಸನಗಳಲ್ಲಿ ‘ಅರವಂಟಿಗೆ’ ಎಂದು ಬರುತ್ತದೆ; ಅದು ನಡೆಯಲೆಂದು ಭೂಮಿ ಬಿಟ್ಟವರಿದ್ದಾರೆ. ಇನ್ನೂ ಹಿಂದಕ್ಕೆ ಹೋದರೆ ಅಶೋಕನೂ ದೆಹಲಿ-ಟೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿ ದಾರಿಗೆ ಆಲದ ಮರ, ಬಾವಿ, ತಂಗುದಾಣ ಮತ್ತು ಮನುಷ್ಯರಿಗೂ ಪ್ರಾಣಿಗಳಿಗೂ ನೀರಿನ ನೆಲೆಗಳನ್ನು ಮಾಡಿಸಿದ್ದನ್ನು ಹೇಳಿಕೊಂಡಿದ್ದಾನೆ. ಕೂಡಲೇ, ಈ ಸೌಕರ್ಯವೇನೂ ದೊಡ್ಡದಲ್ಲ, ಹಿಂದಿನ ರಾಜರೂ ಮಾಡಿದ್ದರು ಎಂದೂ ಸೇರಿಸಿದ್ದಾನೆ. ಕೆರೆಯ ಏರಿಯಿಂದ ಬಸ್ ತಂಗುದಾಣದವರೆಗೆ ಎಲ್ಲಕ್ಕೂ ಹೆಸರು ಬರೆಸುವ ನಾವು ಸ್ವಲ್ಪ ನಿಂತು ಓದಬೇಕಾದ ಸಾಲು.

ಆದರೆ ಅರವಟ್ಟಿಗೆಯ ನೀರೆಲ್ಲ ಹಂಗಿಲ್ಲದ್ದಾಗಿತ್ತೆಂದು ಹೇಳಿದರೆ ಅರ್ಧ ಸತ್ಯವಾದೀತು. ಗಿಂಡಿಯಿಂದ ಮೇಲಿನಿಂದ ಹುಯ್ಯುವುದು, ಕೆಳಗೆ ಬೊಗಸೆಯೊಡ್ಡಿ ಕುಡಿಯುವುದು ಪದ್ಧತಿ. ಎಂಜಲಾಗದಿರಲಿ ಎಂದು ಇದನ್ನು ಸಮರ್ಥಿಸಬಹುದು. ಆದರೆ ಹುಯ್ಯುವ ಕೈ ಎಷ್ಟು ಎತ್ತರದಲ್ಲಿರಬೇಕು ಎಂಬುದು ಬೊಗಸೆಯೊಡ್ಡಿದವನ ಜಾತಿಯ ಮೇಲೆ ನಿಂತಿತ್ತು. ಕೆಲವರಿಗೆ ಚಪ್ಪರದ ಹತ್ತಿರಕ್ಕೂ ಪ್ರವೇಶವಿರಲಿಲ್ಲ. ದಾಹವನ್ನು ನೀಗಿಸಿದ ನೀರೇ ‘ನೀನು ಇಂಥವನು’ ಎಂದು ಹೇಳಿ ಕಳಿಸುತ್ತಿತ್ತು.

1901ರ ಒಂದು ಪ್ರಯಾಣವನ್ನು ಅಂಬೇಡ್ಕರ್ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ನೆನಪಿನ ಬರಹದಲ್ಲಿ ವಿವರಿಸಿದ್ದಾರೆ. ಅವರಾಗ ಚಿಕ್ಕ ಹುಡುಗ. ಸಾತಾರಾದಿಂದ ತಂದೆಯನ್ನು ನೋಡಲು ಅಣ್ಣನೊಂದಿಗೆ, ಅಕ್ಕನ ಮಗನೊಂದಿಗೆ ಹೊರಟು ಮಸೂರು ರೈಲು ನಿಲ್ದಾಣದಲ್ಲಿ ಇಳಿದರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಒಳ್ಳೆಯ ಬಟ್ಟೆ ತೊಟ್ಟಿದ್ದ ಮಕ್ಕಳನ್ನು ನೋಡಿ ಸ್ಟೇಷನ್ ಮಾಸ್ತರರು ತಾವಾಗಿ ಬಂದು ವಿಚಾರಿಸಿದರು. ನಾವು ಮಹಾರರು ಎಂದು ಹುಡುಗ ಹೇಳಿದ್ದೇ ತಡ, ಅವರ ಮುಖ ಬದಲಾಯಿತು. ಬಂದಿದ್ದ ಕರುಣೆ ಬಂದ ದಾರಿಯಲ್ಲೇ ಹಿಂದಿರುಗಿತು. ಕೊನೆಗೆ ಎರಡು ಪಟ್ಟು ಬಾಡಿಗೆಗೆ ಒಬ್ಬ ಗಾಡಿಯವನು ಒಪ್ಪಿದ, ಅದೂ ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂಬ ಷರತ್ತಿನ ಮೇಲೆ. ರಾತ್ರಿ ಸುಂಕದ ಕಟ್ಟೆಯಲ್ಲಿ ಮುಸಲ್ಮಾನರೆಂದು ಹೇಳಿ ಕೇಳಿದರೂ ನೀರು ಸಿಗಲಿಲ್ಲ. ಬುತ್ತಿಯಲ್ಲಿ ಊಟವಿತ್ತು, ನೀರಿಲ್ಲದೆ ಉಣ್ಣಲಾಗಲಿಲ್ಲ, ಹಸಿದೇ ಮಲಗಿದರು.

ಅದೇ ಹುಡುಗ ದೊಡ್ಡವನಾಗಿ 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಜನರನ್ನು ಕರೆದುಕೊಂಡು ಹೋಗಿ ತನ್ನ ಬೊಗಸೆಯಲ್ಲಿ ತಾನೇ ನೀರೆತ್ತಿ ಕುಡಿದ. ಸಾರ್ವಜನಿಕ ಕೆರೆಗಳು ಎಲ್ಲರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನ ಮಂಡಲಿ 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡದ ಪುರಸಭೆಯೂ ಒಪ್ಪಿತ್ತು. ನಿರ್ಣಯ ಕಾಗದದಲ್ಲಿತ್ತು, ನೀರು ಕೆರೆಯಲ್ಲಿತ್ತು. ಚವದಾರ್ ಕೆರೆಯ ನೀರು ಕುಡಿದು ತಾವೇನೂ ಅಮರರಾಗುವುದಿಲ್ಲ, ಇಷ್ಟು ದಿನ ಅದಿಲ್ಲದೆಯೂ ಬದುಕಿದ್ದೇವೆ, ತಾವೂ ಮನುಷ್ಯರೆಂದು ತೋರಿಸಲು ಬಂದಿದ್ದೇವೆ ಎಂಬ ಅರ್ಥದ ಮಾತನ್ನು ಅವರು ಆ ಡಿಸೆಂಬರಿನ ಸಭೆಯಲ್ಲಿ ಆಡಿದರು. ಮುಂಬಯಿ ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟದ್ದು 1937ರಲ್ಲಿ.

ನಮ್ಮ ಹಳ್ಳಿಗಳಲ್ಲೂ ಬಾವಿಕಟ್ಟೆಯ ಕೆಳಗೆ ಕೊಡ ಇಟ್ಟುಕೊಂಡು, ಮೇಲಿನವರು ಯಾರಾದರೂ ಬಂದು ಸೇದಿ ಹುಯ್ಯಲಿ ಎಂದು ಗಂಟೆಗಟ್ಟಲೆ ಕಾಯುತ್ತಿದ್ದ ಹೆಂಗಸರಿದ್ದರು. ಹುಯ್ದವರಲ್ಲಿ ನಿಜವಾಗಿ ಮರುಗಿದವರೂ ಇದ್ದಿರಬೇಕು. ಆ ಮರುಕವನ್ನು ಸುಳ್ಳು ಎನ್ನಲಾರೆ. ಆದರೆ ಕಾಯುತ್ತಿದ್ದವಳಿಗೆ ಬೇಕಾಗಿದ್ದದ್ದು ಒಂದು ಕೊಡ ಕರುಣೆಯಲ್ಲ, ಹಗ್ಗ ಹಿಡಿಯುವ ಅಧಿಕಾರ.

ಇದೇ ಮಾತನ್ನು ಬೇರೆ ರೀತಿಯಲ್ಲಿ ನನಗೆ ಹೇಳಿಕೊಟ್ಟವರು ಒಬ್ಬ ಅಂಧ ಮಿತ್ರರು. ರಸ್ತೆ ಬದಿಯಲ್ಲಿ ಸುಮ್ಮನೆ ನಿಂತಿದ್ದರೂ ಯಾರೋ ಬಂದು ತೋಳು ಹಿಡಿದು ಆಚೆ ದಾಟಿಸಿಬಿಡುತ್ತಾರಂತೆ. ‘ಮತ್ತೆ ಈಚೆ ದಾಟಿಸೋಕೆ ಇನ್ನೊಬ್ಬ ಪುಣ್ಯಾತ್ಮನಿಗೆ ಕಾಯಬೇಕು ನೋಡಿ’ ಎಂದು ನಕ್ಕರು. ಕೇಳಿ ಕೈ ಕೊಟ್ಟರೆ, ಅದರಲ್ಲೂ ತೋಳನ್ನು ಎಳೆಯದೆ ತಮ್ಮ ತೋಳನ್ನು ಅವರಿಗೆ ಹಿಡಿಯಲು ಕೊಟ್ಟರೆ, ಅವರಿಗೆ ಸಂತೋಷವೇ.

ಕರಾವಳಿಯಲ್ಲಿ ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಟ್ಟೇ ಮಾತು ಆರಂಭಿಸುತ್ತಿದ್ದ ನಾಡು ನಮ್ಮದು. ಈಗ ರೈಲು ನಿಲ್ದಾಣದಲ್ಲಿ ಅಪರಿಚಿತರು ಕೊಟ್ಟದ್ದನ್ನು ತಿನ್ನಬೇಡಿ, ಕುಡಿಯಬೇಡಿ ಎಂಬ ಎಚ್ಚರಿಕೆ ಕೇಳುತ್ತದೆ. ಮತ್ತು ಬರಿಸಿ ದೋಚಿದ ಪ್ರಕರಣಗಳು ನಡೆದಿರುವುದರಿಂದ ತಪ್ಪೆನ್ನಲಾಗದು. ನಾವೂ ಬಾಟಲಿ ನೀರು ಕೊಂಡುಕೊಳ್ಳುತ್ತೇವೆ. ಹಣ ಕೊಟ್ಟರೆ ಮುಗಿಯಿತು, ಹಂಗಿಲ್ಲ. ಹಣವಿಲ್ಲದವನಿಗೆ ನೀರೂ ಇಲ್ಲ.

ನಮ್ಮ ಬೀದಿಯ ತಿರುವಿನಲ್ಲಿ ಒಂದು ಸೈಕಲ್ ರಿಪೇರಿ ಅಂಗಡಿಯಿದೆ. ಬೇಸಿಗೆ ಬಂತೆಂದರೆ ಅಂಗಡಿಯವನು ಹೊರಗೆ ಬೇವಿನ ಮರದ ಕೆಳಗೆ ಒಂದು ಮಣ್ಣಿನ ಮಡಕೆ, ಮೇಲೊಂದು ಲೋಟ ಇಡುತ್ತಾನೆ. ತಾನು ಒಳಗೆ, ಬೀದಿಗೆ ಬೆನ್ನು ಹಾಕಿ ಕೂತು ಪಂಕ್ಚರ್ ಹಾಕುತ್ತಿರುತ್ತಾನೆ. ದಿನಕ್ಕೆ ಎಷ್ಟು ಜನ ಕುಡಿಯುತ್ತಾರೆ ಎಂದು ಒಮ್ಮೆ ಕೇಳಿದೆ. ತಲೆ ಎತ್ತದೆ ಹೇಳಿದ: ‘ಯಾರು ನೋಡ್ತಾರೆ ಸಾರ್? ಸಂಜೆಗೆ ಖಾಲಿ ಆಗಿರುತ್ತೆ.’