ಐವರಿ ಗಲ್ ಗರಿಯೊಳಗಿನ ಪಾದರಸ

ಕೆನಡಾದ ಉತ್ತರದಂಚಿನ ಎಲ್ಸ್‌ಮಿಯರ್ ದ್ವೀಪದಲ್ಲಿ ಹಿಮನದಿಗಳ ನಡುವೆ ತಲೆಯೆತ್ತಿ ನಿಂತ ಬೋಳು ಬಂಡೆಗಳಿವೆ. ಸುತ್ತಲೂ ಬರೀ ಮಂಜುಗಡ್ಡೆ. ಐವರಿ ಗಲ್ ಎಂಬ ಅಪರೂಪದ ಕಡಲಹಕ್ಕಿ ಮೊಟ್ಟೆಯಿಡಲು ಹುಡುಕಿಕೊಂಡು ಬರುವುದು ಇಲ್ಲಿಗೇ. ನೆಲದ ಮೇಲಿನ ಗೂಡಿಗೆ ಹಿಮನರಿಯ ಕಾಟ ತಪ್ಪಿದ್ದಲ್ಲ. ಆದರೆ ಹೊಟ್ಟೆಗೇನೂ ಸಿಗದ ಇಷ್ಟು ದೊಡ್ಡ ಹಿಮದ ಬಯಲನ್ನು ನರಿ ದಾಟಿ ಬರುವುದು ತೀರ ಕಡಿಮೆ. ಮರಿಗಳ ಊಟಕ್ಕೆ ದೂರದ ಕಡಲಿಗೆ ಹೋಗಿಬರುವ ಕಷ್ಟವನ್ನು ಹಕ್ಕಿಯೇ ಹೊತ್ತುಕೊಂಡಿದೆ.

ಅಚ್ಚ ಬಿಳಿ ಮೈ, ಗಿಡ್ಡ ಕಪ್ಪು ಕಾಲು, ಹಳದಿ ತುದಿಯ ಬೂದು ಕೊಕ್ಕು. ವರ್ಷವಿಡೀ ಕಡಲಹಿಮವನ್ನು ಬಿಟ್ಟಿರದ ಹಕ್ಕಿ ಇದು. ಹಿಮದಂಚಿನ ಮೀನು ಹಿಡಿಯುತ್ತದೆ, ಹಿಮಕರಡಿ ತಿಂದುಬಿಟ್ಟ ಸೀಲ್ ಮಾಂಸವನ್ನೂ ಕುಕ್ಕುತ್ತದೆ. ವಿಷ ಒಳಹೊಗುವುದು ಈ ಊಟದಲ್ಲೇ.

ಕಲ್ಲಿದ್ದಲು ಉರಿದಾಗ, ಚಿನ್ನದ ಅದಿರು ಸೋಸುವಾಗ ಪಾದರಸ ಆವಿಯಾಗಿ ಗಾಳಿ ಸೇರುತ್ತದೆ. ತಿಂಗಳುಗಟ್ಟಲೆ ತೇಲಿ ಧ್ರುವದ ಕಡೆಗೂ ಸಾಗುತ್ತದೆ. ನೀರಿಗಿಳಿದ ಮೇಲೆ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಸಣ್ಣ ಜೀವಿಯಿಂದ ಮೀನಿಗೆ, ಮೀನಿನಿಂದ ಸೀಲ್‌ಗೆ ದಾಟಿದಷ್ಟೂ ಅದರ ಸಾಂದ್ರತೆ ಏರುತ್ತದೆ. ಹಕ್ಕಿಯ ಮೈ ಈ ವಿಷದ ಒಂದು ಪಾಲನ್ನು ಬೆಳೆಯುವ ಗರಿಗೆ ಸಾಗಿಸುತ್ತದೆ. ಗರಿ ಬಲಿತೊಡನೆ ರಕ್ತದ ಸಂಪರ್ಕ ಕಡಿದು, ಒಳಗೆ ಸೇರಿದ್ದು ಅಲ್ಲೇ ಉಳಿಯುತ್ತದೆ.

ಹೀಗಾಗಿ ವಸ್ತುಸಂಗ್ರಹಾಲಯದ ಹಳೆಯ ಹಕ್ಕಿಗಳೂ ಸಾಕ್ಷಿ ನುಡಿಯಬಲ್ಲವು. 1877ರಿಂದ 2007ರವರೆಗಿನ ಐವರಿ ಗಲ್ ಗರಿಗಳನ್ನು ವಿಜ್ಞಾನಿಗಳು ಪರೀಕ್ಷಿಸಿದರು. ಹಿಂದೆಲ್ಲ ಸತ್ತ ಹಕ್ಕಿಗಳನ್ನು ಕೆಡದಂತೆ ಕಾಪಿಡಲು ಪಾದರಸದ ಲವಣ ಬಳಿಯುತ್ತಿದ್ದರು. ಆ ಕಲಬೆರಕೆ ಲೆಕ್ಕ ಕೆಡಿಸದಿರಲೆಂದು ಅವರು ಆಹಾರದಿಂದ ಬಂದ ಮೀಥೈಲ್ ಪಾದರಸವನ್ನಷ್ಟೇ ಅಳೆದರು. ಅದು 45 ಪಟ್ಟು ಏರಿತ್ತು! ಹಕ್ಕಿಯ ಊಟವೇ ಬದಲಾಯಿತೇ ಎಂದೂ ನೋಡಿದರು. ಗರಿಯ ಇಂಗಾಲ, ಸಾರಜನಕದ ಐಸೋಟೋಪುಗಳಲ್ಲಿ ಅಂಥ ಗುರುತು ಸಿಗಲಿಲ್ಲ. ಬದಲಾದದ್ದು ಕಡಲು. ಈ ಸಂಶೋಧನೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಇದೇ.

ಕೆನಡಾದಲ್ಲಿ ಈ ಹಕ್ಕಿಗಳ ಸಂಖ್ಯೆ 1980ರ ದಶಕದ ನಂತರ ಶೇಕಡ 80ರಷ್ಟು ಕುಸಿದಿದೆ. ಪಾದರಸವೊಂದೇ ಕಾರಣವೆನ್ನಲಾಗದು, ಕಡಲಹಿಮ ಕರಗುತ್ತಿದೆ, ವಲಸೆಯ ದಾರಿಯಲ್ಲಿ ಬೇಟೆಯೂ ನಡೆದಿದೆ. ಆದರೆ ತಾಯಿ ತನ್ನ ಮೈಯ ಪಾದರಸವನ್ನು ಮೊಟ್ಟೆಗೂ ದಾಟಿಸುತ್ತದೆ. ಪಕ್ಷಿಧಾಮವೆಂದು ಕಾಯ್ದಿಟ್ಟ ಸೀಮೋರ್ ದ್ವೀಪದ ಐವರಿ ಗಲ್ ಮೊಟ್ಟೆಗಳಲ್ಲಿ ಸಿಕ್ಕ ಪಾದರಸ, ಆರ್ಕ್ಟಿಕ್ ಕಡಲಹಕ್ಕಿಗಳ ಮೊಟ್ಟೆಗಳಲ್ಲೇ ಅತಿ ಹೆಚ್ಚಿನ ಮಟ್ಟದ್ದು.