‘ಇನ್‌ಸ್ಟಿಟ್ಯೂಟ್’ ಎಂಬ ಕ್ರಿಯಾಪದ

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ದೆಸೆಯಿಂದ ಈ ಶಬ್ದವನ್ನು ನಾವು ನಾಮಪದವಾಗಿ ಬಲ್ಲೆವು. ಇಂಗ್ಲಿಷಿನಲ್ಲಿ ಅದು ಗಂಭೀರ ಬರಹದ ಕ್ರಿಯಾಪದವೂ ಹೌದು. ‘ನಿಲ್ಲಿಸು’ ಎಂಬರ್ಥದ ಲ್ಯಾಟಿನ್ ಶಬ್ದವೊಂದು ಅದರ ಮೂಲ. ನಮ್ಮ ‘ಸ್ಥಾಪಿಸು’ವಿನಲ್ಲಿರುವ ಸಂಸ್ಕೃತದ ‘ಸ್ಥಾ’ ಧಾತು ಅದರ ದಾಯಾದಿ. ಆದರೂ ಮನೆಯನ್ನೋ ಅಂಗಡಿಯನ್ನೋ ಕುರಿತು ಈ ಕ್ರಿಯಾಪದ ಸಲ್ಲದು. ನಿಯಮ, ಪದ್ಧತಿ, ಬಹುಮಾನ, ವಿಚಾರಣೆಗಳಿಗೆ ಸಲ್ಲುತ್ತದೆ.

ನ್ಯಾಯಾಲಯದಲ್ಲಂತೂ ಅದರ ತೂಕವೇ ಬೇರೆ. ನಾವು ನೇಗಿಲನ್ನು ಹೂಡುವಂತೆ ದಾವೆಯನ್ನೂ ಹೂಡುತ್ತೇವಷ್ಟೆ; ಅದಕ್ಕೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಬಳಸಿರುವುದು ಇದೇ ಕ್ರಿಯಾಪದವನ್ನು. ಹೂಡಿದ್ದು ಎಂದು? ವಕೀಲರನ್ನು ಕಂಡ ದಿನವಲ್ಲ, ನೋಟೀಸು ಕೊಟ್ಟ ದಿನವೂ ಅಲ್ಲ. 1963ರ ಕಾಲಮಿತಿ ಕಾಯಿದೆಯಂತೆ, ಸಾಮಾನ್ಯವಾಗಿ, ವಾದಪತ್ರವನ್ನು ತಕ್ಕ ಅಧಿಕಾರಿಗೆ ಒಪ್ಪಿಸಿದಾಗ. ಕೈಸಾಲದ ವಸೂಲಿಗಿರುವ ಅವಧಿ ಸಾಧಾರಣವಾಗಿ 3 ವರ್ಷ. ಅದು ಮೀರಿದ ಮೇಲೆ ಹೂಡಿದ ದಾವೆಯನ್ನು, ಪ್ರತಿವಾದಿ ಆಕ್ಷೇಪಿಸದಿದ್ದರೂ, ನ್ಯಾಯಾಲಯ ವಜಾ ಮಾಡಲೇಬೇಕು.