ಅಜ್ಜಿಗೆ ಯಾವ ಮನೆ?

ಬೀದರಿನ ಗಾಂಧಿ ಗಂಜಿಗೆ ತೊಗರಿ, ಉದ್ದು, ಸೋಯಾ ಬರುತ್ತವೆ. ಮಕ್ಕಳು ಮಾತ್ರ ಓದು, ನೌಕರಿ ಎಂದು ಹೈದರಾಬಾದು, ಬೆಂಗಳೂರಿಗೆ ಹೊರಡುತ್ತಾರೆ. ಒಂಟಿಯಾದ ಅಜ್ಜಿಯನ್ನು ಎಲ್ಲಿಡುವುದು? ('ಇಡಲು' ಅವರೇನು ಗಂಜಿನ ಚೀಲವೇ?) ಮೊದಲು ಅವರನ್ನೇ ಕೇಳಬೇಕು.

ವೃದ್ಧಾಶ್ರಮ ನೋಡಹೋದವರು ಅಂಗಳದ ಹೂಗಿಡಕ್ಕಿಂತ ಬಚ್ಚಲನ್ನು ನೋಡಲಿ. ನೆಲ ಜಾರುತ್ತದೆಯೇ? ರಾತ್ರಿ ಕರೆದರೆ ಓಗೊಡುವವರಾರು? ಜೋಳದ ರೊಟ್ಟಿ ಉಂಟೇ, ಅವರ ಭಾಷೆ ಆಡುವವರಿದ್ದಾರೆಯೇ? ತಿಳಿಸದೆ ಊಟದ ಹೊತ್ತಿಗೆ ಹೋದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಅಜ್ಜಿ ತಮ್ಮ ಮನೆಯನ್ನು ಮಕ್ಕಳ ಹೆಸರಿಗೆ ಬರೆಯುವ ಮುನ್ನ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ನೆನಪಿರಲಿ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ತಪ್ಪಿದರೆ ನ್ಯಾಯಮಂಡಳಿ ಮರಳಿ ಕೊಡಿಸಬಹುದು. ಆ ಷರತ್ತನ್ನು ಪತ್ರದಲ್ಲೇ ಬರೆಸುವುದು ಒಳ್ಳೆಯದು. ಸಲಹೆಗೆ 14567ಕ್ಕೆ ಫೋನ್ ಮಾಡಬಹುದು; ಕರೆಗೆ ಹಣವಿಲ್ಲ.